ಅಕ್ಷರ ದಪ್ಪ ಆದ್ರೆ ನಿಮಗೇನು ಭಾರ ಸ್ವಾಮಿ?



ಸ್ವಲ್ಪ ಉದ್ದ ಬರೀತಿದೀನಿ. ಪುರುಸೊತ್ತಿದ್ದಾಗ ಓದಿ. ಬೈಯೋದಿದ್ರೂ ಪೂರ್ತಿ ಓದಿ ಆಮೇಲೆ ಬೈಯಿರಿ.

ಹೋದ ತಿಂಗಳು ನಾವು ಏಳೆಂಟು ಜನ ಸೇರಿ ಒಂದು ಪೋಸ್ಟರ್ ಮಾಡಿದ್ವಿ. ನೀಲಿ ಹಿನ್ನೆಲೆ, ಬಿಳಿ ಅಕ್ಷರ. ಫೋಟೊ ಇಲ್ಲ, ಯಾರ ಹೆಸರೂ ಇಲ್ಲ. ಮೇಲೆ ದಪ್ಪಕ್ಕೆ "ಗುಂಡಿಗೆ ಇಳಿಬೇಡ ತಮ್ಮಾ". ಅದರ ಕೆಳಗೆ ಅಷ್ಟೇ ದಪ್ಪಕ್ಕೆ "ಇಳಿಸೋದು ಅಪರಾಧ". ಇನ್ನೂ ಕೆಳಗೆ ಸಣ್ಣದಾಗಿ ಕಾನೂನಿನ ವಿವರ. ಪೌರಕಾರ್ಮಿಕರು ಬೆಳಿಗ್ಗೆ ಹಾಜರಿ ಹಾಕೋ ಜಾಗ, ಸಕ್ಕಿಂಗ್ ಗಾಡಿ ನಿಲ್ಲೋ ಜಾಗ, ನಮ್ಮ ಕೇರಿಯ ಟೀ ಅಂಗಡಿ, ಎಲ್ಲಾ ಕಡೆ ಅಂಟಿಸಿದ್ವಿ. ಒಂದು ಫೋಟೊ ತೆಗೆದು ವಾಟ್ಸಾಪ್ ಗ್ರೂಪಿಗೂ ಹಾಕಿದೆ.

ಅಲ್ಲಿ ನಮ್ಮ ಜೊತೆಗೇ ಇರೋ, ಹೋರಾಟಕ್ಕೆ ಬರೋ, ಓದ್ಕೊಂಡಿರೋ ಒಬ್ಬ ಹಿರಿಯರು ಬರೆದರು. "ವಿಷಯ ಚೆನ್ನಾಗಿದೆ. ಆದರೆ ಇದೆಂಥಾ ಅಕ್ಷರ? ಚಾಕೊಲೇಟ್ ಪೇಪರ್ ಮೇಲಿನ ಅಕ್ಷರದ ಥರ ಉಬ್ಬಿಕೊಂಡಿದೆ. ಸಾವಿನ ವಿಷಯಕ್ಕೆ ಗಾಂಭೀರ್ಯ ಬೇಡವೇ?" ಅದಕ್ಕೆ ನಾಲ್ಕು ಜನ ಹೆಬ್ಬೆಟ್ಟು ಒತ್ತಿದ್ರು. ಇನ್ನೊಬ್ಬರು "ಟೇಸ್ಟ್ ಬೇಕು ಸಾರ್, ಟೇಸ್ಟ್" ಅಂತ ಸೇರಿಸಿದ್ರು.

ಆವತ್ತು ಉತ್ತರ ಕೊಡಲಿಲ್ಲ. ಮೇಷ್ಟ್ರ ಮೇಲೆ ಗೌರವ ಇದೆ, ಕೋಪ ಇಲ್ಲ. ಆದರೆ ಈ 'ಗಾಂಭೀರ್ಯ', ಈ 'ಟೇಸ್ಟ್' ಅನ್ನೋ ಮಾತು ಬರೀ ಒಂದು ಪೋಸ್ಟರಿನ ಮಾತಲ್ಲ. ಅದಕ್ಕೇ ಇಲ್ಲಿ ಬರೀತಿದೀನಿ.

ಮೊದಲು ಆ ಅಕ್ಷರ ಯಾವುದು ಅಂತ ಹೇಳಿಬಿಡ್ತೀನಿ. ಅದರ ಹೆಸರು 'ಬಾಲೂ ತಮ್ಮ'. ಮುಂಬೈನ ಏಕ್ ಟೈಪ್ ಅನ್ನೋ ಅಕ್ಷರ ವಿನ್ಯಾಸಕಾರರ ಗುಂಪು ಮಾಡಿದ ಫಾಂಟು. ಹಿಂದಿಯಲ್ಲಿ ಕರಡಿಗೆ 'ಭಾಲೂ' ಅಂತಾರೆ, ಜಂಗಲ್ ಬುಕ್ ಕಥೆಯ ಕರಡಿಯ ಹೆಸರು ಬಾಲೂ. ನೋಡೋಕೂ ಕರಡಿ ಥರಾನೇ ಇದೆ: ದಪ್ಪ, ದುಂಡು, ತುದಿಗಳೆಲ್ಲಾ ಮೊಂಡು, ಎಲ್ಲೂ ಚೂಪು ಮೂಲೆ ಇಲ್ಲ. ಮೊದಲು ಒಂದೇ ದಪ್ಪದಲ್ಲಿ ಬಂತು. ಆಮೇಲೆ 'ಬಾಲೂ ತಮ್ಮ 2' ಅಂತ ರೆಗ್ಯುಲರ್‌ನಿಂದ ಎಕ್ಸ್‌ಟ್ರಾ ಬೋಲ್ಡ್ ತನಕ ಐದು ದಪ್ಪದಲ್ಲಿ ಬಂತು. ತಲೆಬರಹಕ್ಕೆ, ಬೋರ್ಡಿಗೆ, ದೂರದಿಂದ ಓದೋದಕ್ಕೆ ಅಂತಲೇ ಮಾಡಿದ್ದು. ಪುಸ್ತಕದ ಒಳಪುಟಕ್ಕೆ ಮಾಡಿದ್ದಲ್ಲ.

ಈಗ ಗಾಂಭೀರ್ಯಕ್ಕೆ ಬರೋಣ.

ನಾನು ಒಂದು ಆಫೀಸಿನಲ್ಲಿ ಗುಮಾಸ್ತ. ಇಪ್ಪತ್ತು ವರ್ಷದಿಂದ ಟೈಪ್ ಮಾಡೋದು, ಫೈಲ್ ಹಾಕೋದು, ನೋಟಿಸ್ ಬೋರ್ಡಿಗೆ ಪಿನ್ ಚುಚ್ಚೋದು ನನ್ನ ಕೆಲಸ. ಇಷ್ಟು ವರ್ಷದಲ್ಲಿ ನಾನು ಕಂಡ ಒಂದು ವಿಷಯ ಹೇಳ್ತೀನಿ. ಜನಕ್ಕೆ ಗೊತ್ತಾಗಬೇಕಾದ ಹಕ್ಕು ಯಾವಾಗಲೂ ಸಣ್ಣಕ್ಷರದಲ್ಲೇ ಇರುತ್ತೆ. ಹನ್ನೆರಡು ಪಾಯಿಂಟಿನ ಸಣಕಲು ಅಕ್ಷರ, ನಾಲ್ಕನೇ ಪುಟ, ಅನುಬಂಧ-2, ಷರಾ. ಬೋರ್ಡಿನ ಮೇಲ್ತುದಿಯಲ್ಲಿ, ಕನ್ನಡಕ ಹಾಕ್ಕೊಂಡು ತುದಿಗಾಲಲ್ಲಿ ನಿಂತರೂ ಕಾಣದ ಕಡೆ. ಅದೇ ರಸ್ತೆಗೆ ಬನ್ನಿ. ಒಂದು ಬಸ್ ತಂಗುದಾಣ, ಒಂದು ಬೋರ್‌ವೆಲ್, ಒಂದು ಸಮುದಾಯ ಭವನ. ಜನರ ತೆರಿಗೆ ದುಡ್ಡಲ್ಲಿ ಕಟ್ಟಿದ್ದು. ಅದರ ಮೇಲೆ ಉದ್ಘಾಟನೆ ಮಾಡಿದವರ ಹೆಸರು ಎಷ್ಟು ದಪ್ಪ ಇರುತ್ತೆ? ಎದುರು ರಸ್ತೆಯಿಂದ ಓದಬಹುದು. ನಾನು ಕಂಡ ಒಂದು ಊರಲ್ಲಿ ಅಂಬೇಡ್ಕರ್ ಭವನದ ಮೇಲೆ ಬಾಬಾಸಾಹೇಬರ ಹೆಸರಿಗಿಂತ ಕಲ್ಲು ಹಾಕಿದವರ ಹೆಸರೇ ದೊಡ್ಡದಾಗಿತ್ತು.

ಆಗ ಯಾರಿಗೂ ಟೇಸ್ಟ್ ನೆನಪಾಗಲಿಲ್ಲ.

ಕಾನೂನಿನ ಗತಿ ನೋಡಿ. ಮಲ ಹೊರಿಸೋದನ್ನ ನಿಷೇಧ ಮಾಡೋಕೆ 1993ರಲ್ಲೇ ಒಂದು ಕಾಯ್ದೆ ಬಂತು. ಅದು ಸಾಲದು ಅಂತ 2013ರಲ್ಲಿ ಇನ್ನೊಂದು ಬಂತು. ಅದರ 7ನೇ ಸೆಕ್ಷನ್ ಪ್ರಕಾರ ಯಾವ ವ್ಯಕ್ತಿಯೂ, ಯಾವ ಸ್ಥಳೀಯ ಸಂಸ್ಥೆಯೂ, ಯಾವ ಗುತ್ತಿಗೆ ಏಜೆನ್ಸಿಯೂ ಒಳಚರಂಡಿ ಅಥವಾ ಸೆಪ್ಟಿಕ್ ಟ್ಯಾಂಕಿನ ಅಪಾಯಕಾರಿ ಸ್ವಚ್ಛತೆಗೆ ಜನರನ್ನ ಹಚ್ಚೋ ಹಾಗಿಲ್ಲ. ನೇರವಾಗಿಯೂ ಇಲ್ಲ, ಬೇರೆಯವರ ಮೂಲಕವೂ ಇಲ್ಲ. ಮೀರಿದರೆ ಮೊದಲ ಸಲಕ್ಕೆ ಎರಡು ವರ್ಷದ ತನಕ ಜೈಲು, ಅಥವಾ ಎರಡು ಲಕ್ಷದ ತನಕ ದಂಡ, ಅಥವಾ ಎರಡೂ. ಮತ್ತೆ ಮಾಡಿದರೆ ಐದು ವರ್ಷ, ಐದು ಲಕ್ಷ. ದಲಿತರನ್ನ ಈ ಕೆಲಸಕ್ಕೆ ಹಚ್ಚೋದು 2015ರ ತಿದ್ದುಪಡಿ ಆದ ಮೇಲೆ ದೌರ್ಜನ್ಯ ತಡೆ ಕಾಯ್ದೆಯಡಿಯೂ ಅಪರಾಧ. 2014ರ ಮಾರ್ಚಲ್ಲಿ ಸುಪ್ರೀಂ ಕೋರ್ಟು ಒಳಚರಂಡಿಯಲ್ಲಿ ಸತ್ತವರ ಕುಟುಂಬಕ್ಕೆ 10 ಲಕ್ಷ ಕೊಡಿ ಅಂತು. 2023ರ ಅಕ್ಟೋಬರಲ್ಲಿ ಅದನ್ನ 30 ಲಕ್ಷಕ್ಕೆ ಏರಿಸಿತು.

ಇಷ್ಟೆಲ್ಲಾ ಇದೆ. ಎಲ್ಲಿದೆ? ಗೆಜೆಟ್ಟಲ್ಲಿ ಇದೆ, ಫೈಲಲ್ಲಿ ಇದೆ. ಗುಂಡಿ ಮುಚ್ಚಳ ತೆಗೆದು ನಿಂತಿರೋ ಹುಡುಗನ ಕಣ್ಣಿಗೆ ಬೀಳೋ ಜಾಗದಲ್ಲಿ ಎಲ್ಲಿದೆ? ಐನೂರು ರೂಪಾಯಿ ಜಾಸ್ತಿ ಕೊಡ್ತೀನಿ ಇಳಿ ಅಂತ ಮೇಸ್ತ್ರಿ ಹೇಳೋ ಹೊತ್ತಲ್ಲಿ ಅವನಿಗೆ ಏಳನೇ ಸೆಕ್ಷನ್ ಯಾರು ಓದಿ ಹೇಳ್ತಾರೆ? ಆ ಹೊತ್ತಿಗೆ ಅವನ ಎದುರಿನ ಗೋಡೆ ಮೇಲೆ ಎರಡೇ ಎರಡು ಸಾಲು ಕಾಣಬೇಕು. ಕಣ್ಣು ಕಿರಿದು ಮಾಡಿ ಓದೋ ಹಾಗಿರಬಾರದು. ಬೇಡ ಅಂದರೂ ಕಣ್ಣಿಗೆ ಬೀಳಬೇಕು. ಆ ಕೆಲಸಕ್ಕೆ ಕರಡಿಯಂಥ ಅಕ್ಷರವೇ ಬೇಕು ಮೇಷ್ಟ್ರೇ, ನಾಜೂಕಿನ ಅಕ್ಷರ ಆಗಲ್ಲ.

ಇನ್ನೊಂದು ಮಾತು. ಗಂಭೀರ ಅಕ್ಷರ ಅಂದರೆ ಸಣ್ಣಗೆ, ಚೂಪಾಗಿ, ತೆಳು-ದಪ್ಪ ಬಳುಕಿಕೊಂಡು ಇರಬೇಕು ಅಂತ ತೀರ್ಮಾನ ಮಾಡಿದವರು ಯಾರು? ನಮ್ಮ ನಾಡಲ್ಲಿ ಕಲ್ಲಿನ ಮೇಲೆ, ತಾಮ್ರದ ಮೇಲೆ ಕೆತ್ತಿದ ಅಕ್ಷರದಲ್ಲಿ ಬಹಳಷ್ಟು ಭೂಮಿ ದಾನ ಕೊಟ್ಟವರ ಹೆಸರು, ತಗೊಂಡವರ ಹೆಸರು. ಆ ಭೂಮಿ ಉತ್ತವರ ಹೆಸರನ್ನ ಹುಡುಕಬೇಕು. ಶತಮಾನಗಟ್ಟಲೆ ಅಕ್ಷರ ಕಲಿಯೋಕೆ ಬಿಡದೆ, ಈಗ ಕಲಿತು ಗೋಡೆ ಮೇಲೆ ಹಾಕಿದ ಮೇಲೆ ಅಕ್ಷರದ ಮೈಕಟ್ಟಿನ ಬಗ್ಗೆ ತಕರಾರು. ಹೆಣ್ಣು ನೋಡೋಕೆ ಬಂದವರು "ಸ್ವಲ್ಪ ದಪ್ಪ ಆಯ್ತು" ಅಂದಂಗೆ!

ನಮ್ಮ ಕಡೆಯವರಿಗೆ ದಪ್ಪ ದುಂಡು ಅಕ್ಷರ ಹೊಸದೂ ಅಲ್ಲ. 1973ರಲ್ಲಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಅಂದದ್ದಕ್ಕೆ ಊರಿಗೆ ಊರೇ ಉರಿದು, ಅವರ ಮಂತ್ರಿಗಿರಿ ಹೋಯ್ತು. ಅದರ ಬೆನ್ನಿಗೆ ಬಿ. ಕೃಷ್ಣಪ್ಪ, ದೇವನೂರ ಮಹಾದೇವ, ಸಿದ್ಧಲಿಂಗಯ್ಯ ಇಂಥವರು ಕಟ್ಟಿದ ದಲಿತ ಸಂಘರ್ಷ ಸಮಿತಿಯ ಹುಡುಗರು ರಾತ್ರಿಯೆಲ್ಲಾ ಗೋಡೆ ಬರೆದರು. ಗೋಡೆ ಬರೆದವರಿಗೆ ಗೊತ್ತು, ಬ್ರಷ್ಷಿನ ತುದಿ ದುಂಡು, ಬಣ್ಣ ನೆಂದ ಬ್ರಷ್ಷು ಎಳೆದರೆ ಗೆರೆಯ ಕೊನೆ ದುಂಡಗೇ ನಿಲ್ಲುತ್ತೆ. ಒರಟು ಗೋಡೆ ಮೇಲೆ ಸಣ್ಣ ಗೆರೆ ನಿಲ್ಲೋದೇ ಇಲ್ಲ, ಸುಣ್ಣ ಉದುರಿದ ಕಡೆ ಅಕ್ಷರವೂ ಉದುರುತ್ತೆ. ಅದಕ್ಕೇ ದಪ್ಪಕ್ಕೆ ಬರೀತಿದ್ರು. ನಮ್ಮ ಅಣ್ಣಂದಿರು ಬರೆದ ಅಕ್ಷರ ಇವತ್ತಿನ ಈ ಫಾಂಟಿಗೆ ಅಣ್ಣನೋ ದೊಡ್ಡಪ್ಪನೋ ಆಗಬೇಕು. ಅದನ್ನ ಚಾಕೊಲೇಟ್ ಕಂಪನಿಗೆ ಬರೆದುಕೊಡೋಕೆ ನಾನು ತಯಾರಿಲ್ಲ.

ಬಾಬಾಸಾಹೇಬರು ಅಚ್ಚಿನ ಅಕ್ಷರದ ಬೆಲೆ ಎಷ್ಟು ತಿಳ್ಕೊಂಡಿದ್ರು ನೋಡಿ. 1920ರ ಜನವರಿ 31ಕ್ಕೆ 'ಮೂಕನಾಯಕ' ಪತ್ರಿಕೆ ಶುರು ಮಾಡಿದ್ರು. ದುಡ್ಡು ಕೊಡ್ತೀವಿ, ಒಂದು ಜಾಹೀರಾತು ಹಾಕಿ ಅಂದರೂ ಅವತ್ತಿನ 'ಕೇಸರಿ' ಪತ್ರಿಕೆ ಹಾಕಲಿಲ್ಲ. ಆಮೇಲೆ 1927ರಲ್ಲಿ 'ಬಹಿಷ್ಕೃತ ಭಾರತ', 1930ರಲ್ಲಿ 'ಜನತಾ', 1956ರಲ್ಲಿ 'ಪ್ರಬುದ್ಧ ಭಾರತ'. ಬೇರೆಯವರ ಅಚ್ಚಿನ ಮನೆ ಮುಂದೆ ಕೈಕಟ್ಟಿ ನಿಂತರೆ ಆಗಲ್ಲ, ಅಕ್ಷರ ನಮ್ಮ ಕೈಲಿರಬೇಕು ಅಂತ ಅವರಿಗೆ ನೂರು ವರ್ಷದ ಹಿಂದೆ ಗೊತ್ತಿತ್ತು.

ಅದಕ್ಕೇ ಈ ಫಾಂಟಿನಲ್ಲಿ ನನಗೆ ಆಕಾರಕ್ಕಿಂತ ಜಾಸ್ತಿ ಇಷ್ಟ ಆದದ್ದು ಅದರ ಲೈಸೆನ್ಸು. ಓಪನ್ ಫಾಂಟ್ ಲೈಸೆನ್ಸ್ ಅಂತಾರೆ. ಅದರ ಪ್ರಕಾರ ಯಾರು ಬೇಕಾದರೂ ಪುಕ್ಕಟೆ ಇಳಿಸಿಕೊಳ್ಳಬಹುದು. ಪೋಸ್ಟರಿಗೆ ಹಾಕಿ, ಪುಸ್ತಕದ ಮುಖಪುಟಕ್ಕೆ ಹಾಕಿ, ಆ ಪುಸ್ತಕ ಮಾರಿ, ಸ್ನೇಹಿತರಿಗೆ ಹಂಚಿ. ಗೊತ್ತಿದ್ದವರು ಬಿಚ್ಚಿ ತಿದ್ದಬಹುದು ಕೂಡ. ಫಾಂಟನ್ನೇ ಒಂಟಿಯಾಗಿ ಮಾರೋ ಹಾಗಿಲ್ಲ, ಮತ್ತೆ ತಿದ್ದಿದ್ದನ್ನ ಹಂಚಿದರೆ ಅದೇ ಲೈಸೆನ್ಸಿನಲ್ಲೇ ಹಂಚಬೇಕು. ತಾನು ನೀರು ಕುಡಿದು ಮುಂದಿನವನಿಗೆ ಬಾವಿ ಮುಚ್ಚೋ ಹಾಗಿಲ್ಲ ಅಂತ ಅರ್ಥ. ಬಾವಿ, ಕೆರೆ ವಿಷಯ ನಮಗೆ ಬಿಡಿಸಿ ಹೇಳಬೇಕಾ?

ಒಂದು ಸಲ ಹೀಗಾಗಿತ್ತು. ಕೆಲವು ವರ್ಷದ ಹಿಂದೆ ಏಪ್ರಿಲ್ 14ರ ಕರಪತ್ರ ಮಾಡಿಸೋಕೆ ಒಂದು ಡಿಟಿಪಿ ಅಂಗಡಿಗೆ ಹೋಗಿದ್ದೆ. ಚೆನ್ನಾಗಿರೋ ದಪ್ಪ ಅಕ್ಷರ ಹಾಕಪ್ಪ ಅಂದೆ. "ಅದು ದುಡ್ಡು ಕೊಟ್ಟು ತಗೊಂಡಿರೋ ಫಾಂಟು, ಮದುವೆ ಕಾರ್ಡಿಗೆ ಮಾತ್ರ. ನಿಮ್ಮ ಕರಪತ್ರಕ್ಕೆ ಇದೇ ಸಾಕು" ಅಂತ ಒಂದು ಸಣಕಲು ಫಾಂಟ್ ಹಾಕಿ, ಮೇಲೆ ಬೋಲ್ಡ್ ಗುಂಡಿ ಒತ್ತಿ, ಸುತ್ತ ಒಂದು ಗೆರೆ ಎಳೆದು ಉಬ್ಬಿಸಿ ಕೊಟ್ಟ. 'ನಿಮ್ಮ' ಅನ್ನೋ ಪದವನ್ನ ಅವನು ಹೇಳಿದ ರೀತಿ ಇವತ್ತಿಗೂ ಕಿವಿಯಲ್ಲಿದೆ. ಅಚ್ಚಾಗಿ ಬಂದ ಮೇಲೆ ನೋಡಿದರೆ 'ಧನಸಹಾಯ' ಅನ್ನೋದು 'ದನಸಹಾಯ' ಆಗಿತ್ತು. ಎರಡು ಸಾವಿರ ಪ್ರತಿ. ಒಬ್ಬರು ನಮ್ಮೆದುರೇ ಗಟ್ಟಿಯಾಗಿ ಓದಿ ನಕ್ಕರು: "ಇವರಿಗೆ ಇನ್ನೂ ಮಹಾಪ್ರಾಣ ಬರಲಿಲ್ಲ ನೋಡ್ರಿ."

ನಾನು ಸರಿಯಾಗೇ ಬರೆದುಕೊಟ್ಟಿದ್ದೆ. ತಪ್ಪಾಗಿದ್ದು ಎಲ್ಲಿ ಅಂತ ಆಮೇಲೆ ತಿಳೀತು. ಕನ್ನಡದಲ್ಲಿ ದ-ಧ, ಡ-ಢ, ಪ-ಫ, ಬ-ಭ ಇವುಗಳ ನಡುವೆ ಇರೋದು ಅಡಿಯಲ್ಲಿ ಒಂದು ಸಣ್ಣ ಗೀಟು. ತೆಳು ಅಕ್ಷರವನ್ನ ಕಂಪ್ಯೂಟರಲ್ಲಿ ಬಲವಂತವಾಗಿ ಉಬ್ಬಿಸಿದರೆ ಎಲ್ಲಾ ಗೆರೆಯೂ ಒಂದೇ ಸಮ ಊದಿಕೊಳ್ಳುತ್ತೆ. ಗೀಟಿನ ಸಂದು ಮುಚ್ಚಿ ಹೋಗುತ್ತೆ, ಹೊಟ್ಟೆಯೊಳಗಿನ ತೂತು ತುಂಬಿಕೊಳ್ಳುತ್ತೆ, ಒತ್ತಕ್ಷರ ಮುದ್ದೆ ಆಗುತ್ತೆ. ದಪ್ಪ ಅಂತಲೇ ವಿನ್ಯಾಸ ಮಾಡಿದ ಅಕ್ಷರ ಹಾಗಲ್ಲ. ಅದನ್ನ ಬರೆಯೋರು ಎಲ್ಲಿ ದಪ್ಪ ಕೊಡಬೇಕು, ಎಲ್ಲಿ ಜಾಗ ಬಿಡಬೇಕು ಅಂತ ಒಂದೊಂದು ಅಕ್ಷರಕ್ಕೂ ಕೂತು ಯೋಚನೆ ಮಾಡಿರ್ತಾರೆ. ಮೈ ದಪ್ಪ ಇದ್ರೂ ಒಳಗೆ ಗಾಳಿ ಆಡುತ್ತೆ. ಬಾಲೂ ತಮ್ಮದಲ್ಲಿ 'ಪರಿಹಾರ ಧನ' ಅಂತ ಬರೆದು ಗೋಡೆಗೆ ಅಂಟಿಸಿ, ಮೂವತ್ತು ಹೆಜ್ಜೆ ಹಿಂದೆ ಹೋಗಿ ನೋಡಿದ್ವಿ. ಧ ಧನೇ ಆಗಿತ್ತು.

ಇದು ಸಣ್ಣ ವಿಷಯ ಅನ್ಸುತ್ತಾ? ನಾಲಿಗೆ ಮೇಲೆ ಮಹಾಪ್ರಾಣ ಹೊರಳಲಿಲ್ಲ ಅಂತ ಕ್ಲಾಸಲ್ಲಿ ನಿಲ್ಲಿಸಿ ನಗಿಸಿಕೊಂಡ ಮಕ್ಕಳನ್ನ ಕೇಳಿ. 'ಹಕ್ಕಿ'ಯನ್ನ 'ಅಕ್ಕಿ' ಅಂದದ್ದಕ್ಕೆ ಬೆಂಚಿನ ಮೇಲೆ ನಿಂತವನು ನಾನು. ನನ್ನ ಮಾತು ನನ್ನ ಅವ್ವನ ಮಾತು, ಅದನ್ನ ತಿದ್ದಿಕೊಳ್ಳೋಕೆ ನನಗೆ ಇಷ್ಟ ಇಲ್ಲ. ಆದರೆ ನಾನು ಸರಿಯಾಗಿ ಬರೆದದ್ದನ್ನ ಅಚ್ಚಿನವನು ಕೆಡಿಸಿ, ಆ ತಪ್ಪನ್ನೂ ನನ್ನ ಜಾತಿಯ ತಲೆಗೆ ಕಟ್ಟೋದನ್ನ ನಾನು ಒಪ್ಪಲ್ಲ.

ಇಷ್ಟು ಹೇಳಿದ ಮೇಲೆ ಮೇಷ್ಟ್ರ ಮಾತಲ್ಲಿ ನಿಜ ಇರೋದನ್ನೂ ಹೇಳಬೇಕು.

ದುಂಡು ಅಕ್ಷರಕ್ಕೆ ನಗುಮುಖ ಇದೆ, ಸುಳ್ಳಲ್ಲ. ಒಬ್ಬರು ತೀರಿಹೋದಾಗ ಶ್ರದ್ಧಾಂಜಲಿ ಬೋರ್ಡಿಗೆ ನಾನು ಇದನ್ನ ಹಾಕಲ್ಲ. ಗುಂಡಿಯಲ್ಲಿ ಸತ್ತವನ ಹೆಂಡತಿ ಕಣ್ಣೆದುರಿಗೆ ಅವನ ಹೆಸರು ಉಬ್ಬಿಕೊಂಡು ನಗೋದು ಬೇಡ. ಅರ್ಜಿಗೆ, ಮನವಿ ಪತ್ರಕ್ಕೆ, ಎರಡು ಪುಟದ ಲೇಖನಕ್ಕೂ ಇದು ಸಲ್ಲದು. ಸಣ್ಣ ಸೈಜಲ್ಲಿ ದಪ್ಪ ಅಕ್ಷರ ಸಾಲುಗಟ್ಟಲೆ ಹಾಕಿದರೆ ಕಪ್ಪು ಮುದ್ದೆ ಆಗಿ ಕಣ್ಣು ನೋಯುತ್ತೆ. ನಮ್ಮ ಪೋಸ್ಟರಲ್ಲೂ ಕೆಳಗಿನ ಕಾನೂನಿನ ವಿವರವನ್ನ ಮೊದಲು ಇದೇ ದಪ್ಪದಲ್ಲಿ ಹಾಕಿದ್ವಿ, ಓದೋಕಾಗಲಿಲ್ಲ, ಅದೇ ಫಾಂಟಿನ ತೆಳು ದಪ್ಪಕ್ಕೆ ಬದಲಾಯಿಸಿದ್ವಿ. ಆದರೆ ನಮ್ಮ ಪೋಸ್ಟರು ಸತ್ತವನ ಬಗ್ಗೆ ಅಲ್ಲ ಮೇಷ್ಟ್ರೇ. ಇನ್ನೂ ಬದುಕಿರೋನ ಹತ್ತಿರ ಆಡೋ ಮಾತು. ಬದುಕಿರೋ ತಮ್ಮನನ್ನ ಕೈ ಹಿಡಿದು ಎಳೆಯೋವಾಗ ಯಾರೂ ಗಂಭೀರವಾಗಿ ನಿಂತುಕೊಳ್ಳಲ್ಲ, ಕೂಗ್ತಾರೆ.

ಈಗ ನಮ್ಮವರ ಸರದಿ. ಬೇರೆಯವರನ್ನ ಬೈದು ನಮ್ಮ ಮನೆ ಗುಡಿಸದೆ ಬಿಟ್ಟರೆ ಆಗಲ್ಲ.

ಒಂದು, ನಮ್ಮ ಫ್ಲೆಕ್ಸುಗಳು. ಏಪ್ರಿಲ್ 14ಕ್ಕೆ, ಡಿಸೆಂಬರ್ 6ಕ್ಕೆ ಹಾಕ್ತೀವಲ್ಲ, ಒಮ್ಮೆ ದೂರ ನಿಂತು ನೋಡಿ. ಅತಿ ದೊಡ್ಡ ಅಕ್ಷರ ಯಾರದು? ಶುಭ ಕೋರುವವರದು! ಅಧ್ಯಕ್ಷರು, ಗೌರವಾಧ್ಯಕ್ಷರು, ಯುವ ಮುಖಂಡರು, ಮುಂದಿನ ಪಂಚಾಯ್ತಿ ಎಲೆಕ್ಷನ್ನಿಗೆ ನಿಲ್ಲೋರು. ಮೂವತ್ತು ಮುಖ, ಮೂವತ್ತು ಹೆಸರು. ಸ್ಮಶಾನಕ್ಕೆ ಜಾಗ ಬೇಕು ಅನ್ನೋ ಬೇಡಿಕೆ ಎಲ್ಲಿದೆ? ಹಾಸ್ಟೆಲ್ ಬೇಕು ಅನ್ನೋದು ಎಲ್ಲಿದೆ? ಮೂಲೆಯಲ್ಲಿ, ಫ್ಲೆಕ್ಸ್ ಅಂಗಡಿ ಹೆಸರಿನ ಪಕ್ಕದಲ್ಲಿ. ಆಫೀಸಿನ ನೋಟಿಸ್ ಬೋರ್ಡಿಗೂ ನಮಗೂ ಏನು ವ್ಯತ್ಯಾಸ ಉಳೀತು? ಎಲ್ಲಾ ದಪ್ಪ ಆದ್ರೆ ಯಾವುದೂ ದಪ್ಪ ಅಲ್ಲ. ಮದುವೆ ಮನೇಲಿ ಎಲ್ಲರೂ ಒಟ್ಟಿಗೆ ಮೈಕ್ ಹಿಡಿದಂಗೆ.

ಎರಡು, ನಾವು ಬರೆದದ್ದು ಉಳೀತಿಲ್ಲ. ಮೂವತ್ತು ವರ್ಷದಿಂದ ನಮ್ಮ ಸಂಘಟನೆಗಳ ಕರಪತ್ರ, ಸತ್ಯಶೋಧನಾ ವರದಿ, ಪುಸ್ತಿಕೆ ಬಹುಪಾಲು ಹಳೇ ಎನ್‌ಕೋಡಿಂಗಿನ ಫಾಂಟುಗಳಲ್ಲಿ ಟೈಪ್ ಆಗಿವೆ. ಆ ಫೈಲನ್ನ ಇವತ್ತು ಫೋನಿಗೆ ಹಾಕಿದರೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಗೊಜ್ಜು ಬರುತ್ತೆ. ಗೂಗಲ್ಲಲ್ಲಿ ಹುಡುಕಿದರೆ ಸಿಗಲ್ಲ. ಕಣ್ಣು ಕಾಣದವರ ಫೋನು ಅದನ್ನ ಓದಿ ಹೇಳಲ್ಲ. ಬಾಲೂ ತಮ್ಮ ಥರದ್ದು ಯೂನಿಕೋಡ್ ಫಾಂಟು. ಅಕ್ಷರ ಅಕ್ಷರವಾಗೇ ಉಳಿಯುತ್ತೆ, ಫಾಂಟ್ ಬದಲಾಯಿಸಿದರೂ ಮಾತು ಕೆಡಲ್ಲ. ಯೂನಿಕೋಡಿಗೆ ಕನ್ನಡ ಸೇರಿದ್ದು 1991ರಲ್ಲಿ. ನಾವಿನ್ನೂ "ನಮ್ಮ ಅಂಗಡಿಯವನ ಹತ್ರ ಅದಿಲ್ಲ" ಅಂತ ಕೂತಿದ್ದೀವಿ. ಹಳೇ ಸಾಫ್ಟ್‌ವೇರಲ್ಲಿ ಯೂನಿಕೋಡ್ ಹಾಕಿದರೆ ಒತ್ತಕ್ಷರ ಒಡೆದು ಹೋಗುತ್ತೆ ಅನ್ನೋದು ನಿಜ. ಹಾಗಾದ್ರೆ ಪುಕ್ಕಟೆ ಸಿಗೋ ಇಂಕ್‌ಸ್ಕೇಪ್ ಕಲೀರಿ, ಲಿಬ್ರೆ ಆಫೀಸ್ ಕಲೀರಿ, ನಾನೇ ಕಲಿತಿದ್ದೀನಿ. ನಮ್ಮ ಕೇರಿಯ ಪಿಯುಸಿ ಹುಡುಗಿ ಫೋನಲ್ಲೇ ಈ ಪೋಸ್ಟರ್ ಮಾಡಿದ್ದು.

ಮೂರು, ಈ ಫಾಂಟಿನ ಹೆಸರು. ಇದರದ್ದೇ ಅಣ್ಣತಮ್ಮಂದಿರು ಬೇರೆ ಲಿಪಿಗಳಲ್ಲೂ ಇದ್ದಾರೆ. ತಮಿಳಿಗೆ ತಂಬಿ, ತೆಲುಗಿಗೆ ತಮ್ಮುಡು, ಮಲಯಾಳಕ್ಕೆ ಚೇಟ್ಟನ್, ಗುಜರಾತಿಗೆ ಭಾಯಿ, ಬಂಗಾಳಿಗೆ ದಾ, ಗುರುಮುಖಿಗೆ ಪಾಜಿ, ಒಡಿಯಾಗೆ ಭಾಯಿನಾ, ಉರ್ದುಗೆ ಭಾಯಿಜಾನ್. ನೋಡಿ ಖುಷಿ ಆಯ್ತು, ಯಾವ ಲಿಪಿಯೂ ಮೇಲಲ್ಲ ಕೀಳಲ್ಲ, ಎಲ್ಲಾ ಒಂದೇ ಮೈಕಟ್ಟು. ಆದರೆ ಒಬ್ಬಳೇ ಒಬ್ಬ ಅಕ್ಕ ಇಲ್ಲ, ತಂಗಿ ಇಲ್ಲ. ರಸ್ತೆ ಗುಡಿಸೋರಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳು ಅಂತ ನಮಗೆ ಗೊತ್ತು. ಫಾಂಟ್ ಮಾಡಿದವರನ್ನ ಬೈಯೋ ಮೊದಲು ನಮ್ಮ ಫ್ಲೆಕ್ಸಿನ ಮೂವತ್ತು ಮುಖದಲ್ಲಿ ಹೆಣ್ಣುಮಕ್ಕಳ ಮುಖ ಎಷ್ಟು ಅಂತ ಎಣಿಸೋಣ. ಆಮೇಲೆ ಮಾತಾಡೋಣ.

ಪೋಸ್ಟರಿನ ಸಾಲು ಹೇಗೆ ಬಂತು ಅಂತ ಹೇಳಿ ಮುಗಿಸ್ತೀನಿ. ನಾನು ಮೊದಲು ಬರೆದಿದ್ದು "ಒಳಚರಂಡಿ ಗುಂಡಿಗಳಿಗೆ ಇಳಿಯುವುದು ನಿಷೇಧಿಸಲಾಗಿದೆ". ಗುಮಾಸ್ತನ ಬುದ್ಧಿ. ನಮ್ಮ ಸಂಘದಲ್ಲಿ ಒಬ್ಬ ಅಕ್ಕ ಇದ್ದಾರೆ. ಬೆಳಿಗ್ಗೆ ಗುಡಿಸೋ ಕೆಲಸ, ದೊಡ್ಡವರಾದ ಮೇಲೆ ರಾತ್ರಿ ಶಾಲೇಲಿ ಓದು ಕಲಿತವರು. ಒಂದೊಂದೇ ಅಕ್ಷರ ಕೂಡಿಸಿ ಓದ್ತಾರೆ. ಅವರ ಕೈಗೆ ಕೊಟ್ಟೆ. 'ನಿಷೇಧಿಸಲಾಗಿದೆ'ಯ ಹತ್ರ ನಿಂತುಬಿಟ್ಟರು. "ಯಾರು ಯಾರಿಗೆ ಹೇಳ್ತಾವ್ರೆ ಇದನ್ನ? ಇಳಿಯೋ ಹುಡುಗನ್ನೇ ಬೈದಂಗದೆ. ನನ್ನ ತಮ್ಮ ಆಗಿದ್ರೆ ನಾನು ಹಿಂಗಂತಿರಲಿಲ್ಲ" ಅಂದರು. ಹೆಂಗಂತಿದ್ರಿ ಅಕ್ಕ ಅಂದೆ. "ಇಳಿಬೇಡ ತಮ್ಮಾ ಅಂತಿದ್ದೆ" ಅಂದರು. ಅದನ್ನೇ ಹಾಕಿದ್ವಿ. ಫಾಂಟಿನ ಹೆಸರೂ ಅದೇ ಅಂತ ಆ ಹುಡುಗಿ ಆಮೇಲೆ ತೋರಿಸಿದಳು, ಎಲ್ಲರೂ ನಕ್ಕೆವು.

ಊರಲ್ಲಿ ನಮ್ಮಪ್ಪನಿಗೆ ಅರವತ್ತು ದಾಟಿದ್ರೂ ಗೌಡರ ಮನೆ ಹೈದ 'ಬಾರ್ಲಾ' ಅಂತಿದ್ದ. 'ಅಣ್ಣ' ಅಂತಾಗಲಿ 'ತಮ್ಮ' ಅಂತಾಗಲಿ ಅಂದದ್ದು ನಾನು ಕೇಳಲಿಲ್ಲ. ಸಂವಿಧಾನದ ಪೀಠಿಕೆಯಲ್ಲಿ ಭ್ರಾತೃತ್ವ ಅಂತಿದೆ. 1949ರ ನವೆಂಬರ್ 25ರ ಭಾಷಣದಲ್ಲಿ ಬಾಬಾಸಾಹೇಬರು ಎಚ್ಚರಿಸಿದ್ದೂ ಅದನ್ನೇ: ಭ್ರಾತೃತ್ವ ಇಲ್ಲದಿದ್ದರೆ ಸಮಾನತೆ, ಸ್ವಾತಂತ್ರ್ಯ ಎಲ್ಲಾ ಮೇಲೆ ಬಳಿದ ಬಣ್ಣದಷ್ಟೇ ಆಳ. ಗುಂಡಿಗೆ ಇಳಿಸೋರಿಗೆ ಇಳಿಯೋನು ತಮ್ಮ ಅಲ್ಲ. ಆಗಿದ್ದರೆ ಇಳಿಸ್ತಿರಲಿಲ್ಲ.

ಹಾಗಾಗಿ ಮೇಷ್ಟ್ರೇ, ಅಕ್ಷರ ದಪ್ಪ ಇರುತ್ತೆ. ಇನ್ನೂ ದಪ್ಪ ಮಾಡ್ತೀವಿ. ನಿಮಗೆ ಚಾಕೊಲೇಟ್ ನೆನಪಾದರೆ ಆಗಲಿ. ಬೇಕಾದರೆ ಒಂದು ಬೆಳಿಗ್ಗೆ ಐದೂವರೆಗೆ ಹಾಜರಿ ಹಾಕೋ ಜಾಗಕ್ಕೆ ಬನ್ನಿ, ಗೋಡೆ ಪಕ್ಕ ನಿಂತು ಯಾರು ಯಾರು ಓದ್ತಾರೆ ಅಂತ ನೋಡೋಣ. ಆಮೇಲೂ ನಿಮಗೆ ಬೇರೆ ಅಕ್ಷರ ಬೇಕು ಅನ್ಸಿದ್ರೆ ಹೇಳಿ, ಕೂತು ಮಾತಾಡೋಣ. ಟೀ ನನ್ನ ಲೆಕ್ಕ.

ಪೋಸ್ಟರಿನ ಫೈಲು ಯಾರಿಗೆ ಬೇಕೋ ಕೇಳಿ, ಕಳಿಸ್ತೀನಿ. ಕೆಳಗೆ ನಿಮ್ಮ ಸಂಘದ ಹೆಸರು ಹಾಕ್ಕೊಳ್ಳಿ. ಸಣ್ಣದಾಗಿ.

ಜೈಭೀಮ್.